ಬೇಡ ಅನ್ನೋಕಾಗದವನ ಹೌದು

ನಮ್ಮಲ್ಲಿ ಮಿಷನರಿ ಅಂದ ತಕ್ಷಣ ನೆನಪಾಗೋದು ಬಾಸೆಲ್ ಮಿಷನ್. ಕಿಟೆಲ್ ನಿಘಂಟು, ಮಂಗಳೂರು ಹೆಂಚು, 1843ರ 'ಮಂಗಳೂರ ಸಮಾಚಾರ'... ಇಷ್ಟನ್ನ ಸ್ಕೂಲಲ್ಲೇ ಓದಿರ್ತೀವಿ. ಬ್ಯಾಪ್ಟಿಸ್ಟ್ ಅನ್ನೋ ಹೆಸರು ಮಾತ್ರ ಅಷ್ಟಾಗಿ ಕಿವಿಗೆ ಬಿದ್ದಿರಲ್ಲ. ಆದ್ರೆ ಬಂಗಾಳದ ಸೆರಾಂಪುರದಲ್ಲಿ ಕೂತು 1817ರಲ್ಲೇ ಒಂದು ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿ ಬ್ಯಾಪ್ಟಿಸ್ಟ್. ಇಂಗ್ಲೆಂಡಿನಲ್ಲಿದ್ದಾಗ ಬೂಟು ಹೊಲೀತಿದ್ದ ಮನುಷ್ಯ ಆತ!

ಬ್ಯಾಪ್ಟಿಸ್ಟರಲ್ಲಿ ಎರಡು ವಿಶೇಷ. ಒಂದು, ಇವರು ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡಲ್ಲ. ಬುದ್ಧಿ ಬಂದವರು ತಾವಾಗಿಯೇ ನಂಬಿ, ಎಲ್ಲರೆದುರು ಹೇಳಿ, ನೀರಲ್ಲಿ ಪೂರ್ತಿ ಮುಳುಗಿ ಏಳಬೇಕು. ಎರಡು, ಸಾಮಾನ್ಯವಾಗಿ ಒಂದೊಂದು ಊರಿನ ಸಭೆಯೂ ತನ್ನ ವಿಷಯವನ್ನ ತಾನೇ ಕೂತು ತೀರ್ಮಾನ ಮಾಡಿಕೊಳ್ಳುತ್ತೆ. ಈ ಎರಡೂ ಮುಂದೆ ಬೇಕಾಗುತ್ತೆ, ಅದಕ್ಕೇ ಹೇಳಿದೆ.

ಇದೆಲ್ಲ ನಂಗೆ ಗೊತ್ತಾಗಿದ್ದು ರೂಮ್‌ಮೇಟ್‌ನಿಂದ. ಅವನ ಊರು ಒಂಗೋಲು. ಬೆಂಗಳೂರಿನ ಹೊರವಲಯದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಬಾಡಿಗೆ ಹಾಲಿನಲ್ಲಿ ಸೇರೋ ತೆಲುಗು ಬ್ಯಾಪ್ಟಿಸ್ಟ್ ಸಭೆಗೆ ಅವನು ಪ್ರತಿ ಭಾನುವಾರ ಹೋಗ್ತಾನೆ. ಆಗ ನಲವತ್ತು ಜನ ಇದ್ದರೆ ಹೆಚ್ಚು. ಗಾರೆ ಕೆಲಸದವರು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ನಾಲ್ಕೈದು ಜನ ನಮ್ಮಂಥ ಸಾಫ್ಟ್‌ವೇರ್‌ನವರು. ಶನಿವಾರ ಅಲ್ಲಿ ಸುತ್ತಮುತ್ತಲ ಮಕ್ಕಳಿಗೆ ಟ್ಯೂಷನ್ ನಡೆಯುತ್ತಿತ್ತು. ಲೆಕ್ಕ ಹೇಳಿಕೊಡೋಕೆ ಜನ ಇಲ್ಲ ಅಂತ ನನ್ನನ್ನ ಎಳ್ಕೊಂಡು ಹೋದ. ನಾನು ಕ್ರೈಸ್ತ ಅಲ್ಲ, ಇವತ್ತಿಗೂ ಅಲ್ಲ. ಅಲ್ಲಿ ಯಾರೂ ಅದನ್ನ ಕೇಳಲೂ ಇಲ್ಲ. ಅವರ ಪಾಸ್ಟರನ್ನ ಎಲ್ಲರೂ 'ಅಯ್ಯಗಾರು' ಅಂತಾರೆ, ನಾನೂ ಹಾಗೇ ಕರೀತೀನಿ.

ಇನ್ನು ವಿಷಯಕ್ಕೆ ಬರ್ತೀನಿ. 2020ರ ಲಾಕ್‌ಡೌನ್. ರಾಯಚೂರು, ಕರ್ನೂಲು ಕಡೆಯಿಂದ ಬಂದ ಕಟ್ಟಡ ಕೆಲಸದವರು ಅಲ್ಲೇ ತಗಡಿನ ಶೆಡ್ಡುಗಳಲ್ಲಿ ಸಿಕ್ಕಿಹಾಕಿಕೊಂಡಿದ್ರು. ಕೆಲಸ ಇಲ್ಲ, ಕೂಲಿ ಇಲ್ಲ, ಊರಿಗೆ ಬಸ್ಸೂ ಇಲ್ಲ. ಸಭೆಯವರು ದುಡ್ಡು ಸೇರಿಸಿ ರೇಷನ್ ಕಿಟ್ ಕಟ್ಟೋಣ ಅಂದ್ರು. ಐದು ಕೇಜಿ ಅಕ್ಕಿ, ಒಂದು ಕೇಜಿ ತೊಗರಿಬೇಳೆ, ಎಣ್ಣೆ ಪ್ಯಾಕೆಟ್, ಉಪ್ಪು, ಸೋಪು. ಚೀಲ ಕಟ್ಟೋಕೆ ನಾನೂ ಕೂತಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗ ಒಂದು ಕಟ್ಟು ಪಾಂಪ್ಲೆಟ್ ತಂದಿಟ್ಟ. ಒಂದು ಬೈಬಲ್ ವಾಕ್ಯ, ಸಭೆಯ ವಿಳಾಸ, ಭಾನುವಾರದ ಆರಾಧನೆಯ ಟೈಮು, ಅಷ್ಟೇ.

ಅಯ್ಯಗಾರು ನೋಡಿ "ಇದು ಬೇಡ" ಅಂದ್ರು.

ಹುಡುಗ ಬಿಡಲಿಲ್ಲ. "ಎಲ್ಲರೂ ಬ್ಯಾನರ್ ಹಾಕ್ಕೊಂಡು ಫೋಟೋ ತೆಗೆಸ್ಕೊಂಡು ಕೊಡ್ತಿದಾರೆ ಅಯ್ಯಗಾರು. ನಾವು ನಮ್ಮ ಜೇಬಿಂದ ಹಾಕಿ ಕೊಟ್ಟು, ಕೊಟ್ಟಿದ್ದು ಯಾರು ಅಂತ ಹೇಳಬಾರದಾ? ನಂಬಿಕೆ ಇಟ್ಕೊಂಡೇ ಅಲ್ವಾ ಇದನ್ನ ಮಾಡ್ತಿರೋದು? ಹೀಗಾದ್ರೆ ಸಭೆ ಬೆಳೆಯೋದು ಹೇಗೆ?"

ನಿಜ ಹೇಳಬೇಕಂದ್ರೆ ಅವನ ಮಾತಲ್ಲೂ ನ್ಯಾಯ ಇತ್ತು. ಅಯ್ಯಗಾರು ಅಂದಿದ್ದು ಮಾತ್ರ ನಂಗೆ ಇವತ್ತಿಗೂ ಹಾಗೇ ನೆನಪಿದೆ: "ಹಸಿದವನು ಬೇಡ ಅನ್ನೋ ಸ್ಥಿತಿಯಲ್ಲಿ ಇರಲ್ಲಪ್ಪ. ಬೇಡ ಅನ್ನೋಕಾಗದವನ ಹೌದು ಇಟ್ಕೊಂಡು ನಾವೇನು ಮಾಡೋಣ? ಕ್ಲೌ ದೊರ ಹದಿನೈದು ತಿಂಗಳು ಕಾಯಲಿಲ್ವಾ?"

ಯಾರಪ್ಪಾ ಈ ಕ್ಲೌ ದೊರ? ಅವತ್ತು ರಾತ್ರಿ ರೂಮ್‌ಮೇಟ್ ಶುರು ಮಾಡಿದ ಕಥೆ ಬೆಳಗಿನ ಜಾವದವರೆಗೂ ನಡೀತು. ಆಮೇಲೆ ನಾನೂ ಹುಡುಕಿ ಓದಿದೆ.

ಅಮೆರಿಕದ ಬ್ಯಾಪ್ಟಿಸ್ಟರ ತೆಲುಗು ಮಿಷನ್ ನೆಲ್ಲೂರಿನಲ್ಲಿ ನೆಲೆ ನಿಂತಿದ್ದು 1840ರಲ್ಲಿ. ವರ್ಷಗಟ್ಟಲೆ ದುಡಿದರೂ ಸೇರಿದವರು ಬೆರಳೆಣಿಕೆಯಷ್ಟು. ಇದನ್ನ ಮುಚ್ಚಿಬಿಡೋಣ ಅಂತ ಅಮೆರಿಕದಲ್ಲಿ ಮತ್ತೆ ಮತ್ತೆ ಚರ್ಚೆ ಆಯ್ತು. ಇಂಥ ಹೊತ್ತಲ್ಲಿ ಬಂದವನು ಜಾನ್ ಎವರೆಟ್ ಕ್ಲೌ. ಹರೆಯದಲ್ಲಿ ಮಿನ್ನೆಸೋಟಾದಲ್ಲಿ ಭೂಮಾಪನದ ಕೆಲಸ ಮಾಡಿದ್ದವನು, ಅಂದ್ರೆ ಸರ್ವೇಯರ್. ಒಂಥರಾ ನಮ್ಮ ಕಡೆಯವನೇ ಅನ್ನಿ :-) 1866ರಲ್ಲಿ ಒಂಗೋಲಿಗೆ ಬಂದ. 1867ರ ಜನವರಿ 1ರಂದು ಅಲ್ಲಿ ಸಭೆ ಶುರುವಾದಾಗ ಇದ್ದ ಸದಸ್ಯರು ಎಂಟೇ ಜನ.

ಮೊದಮೊದಲು ಮೇಲ್ಜಾತಿಯವರು ಇವನ ಬಗ್ಗೆ ಆಸಕ್ತಿ ತೋರಿಸಿದ್ರು. ಅಷ್ಟರಲ್ಲಿ ಯರ್ರಗುಂಟ್ಲ ಪೇರಯ್ಯ ಅನ್ನೋ ಮಾದಿಗ ಹಿರಿಯನ ಮೂಲಕ ಮಾದಿಗರು ಬರೋಕೆ ಶುರು ಮಾಡಿದ್ರು. ಇವರನ್ನ ಸೇರಿಸ್ಕೊಂಡ್ರೆ ನಾವು ಬರಲ್ಲ ಅಂತ ಮೇಲ್ಜಾತಿಯವರು ಹೇಳಿಬಿಟ್ಟರು. ಕ್ಲೌ ದಂಪತಿ ಮಾದಿಗರನ್ನೇ ಆರಿಸಿಕೊಂಡರು. ಸೇರಿದವರು ಸತ್ತ ದನದ ಮಾಂಸ ತಿನ್ನಬಾರದು, ವಿಗ್ರಹಪೂಜೆ ಮಾಡಬಾರದು, ಭಾನುವಾರ ಕೆಲಸ ಮಾಡಬಾರದು. ಇದು ನಿಯಮ. ಕೇಳೋಕೆ ಸಣ್ಣದು. ಆದ್ರೆ ಊರಹಬ್ಬಕ್ಕೆ ತಮಟೆ ಬಡಿಯಲ್ಲ ಅಂದ ಮಾದಿಗನಿಗೆ ಆ ಊರಲ್ಲಿ ಏನಾಗಿರಬಹುದು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆಮೇಲೆ ಬಂತು 1876-78ರ ಬರ. ನಮ್ಮ ಹಳಬರು ಧಾತು-ಈಶ್ವರ ಸಂವತ್ಸರದ ಬರ ಅಂತಿದ್ರಲ್ಲ, ಅದೇ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿದ್ದು, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅತ್ತ ಕರಾವಳಿಯಲ್ಲಿ ಸರ್ಕಾರ ಬರ ಪರಿಹಾರಕ್ಕಾಗಿ ಬಕಿಂಗ್‌ಹ್ಯಾಮ್ ಕಾಲುವೆ ತೋಡಿಸ್ತಿತ್ತು. ಆದ್ರೆ ಕೆಲಸದ ಜಾಗದಲ್ಲಿ ಮೇಸ್ತ್ರಿಗಳು ಮಾದಿಗರನ್ನ ಬಯ್ಯೋದು, ಹೊಡೆಯೋದು, ಕೂಲಿ ತಿನ್ನೋದು ನಡೀತಿತ್ತು. ಕ್ಲೌ ಮೂರು-ನಾಲ್ಕು ಮೈಲಿ ಕಾಲುವೆಯ ಕಂಟ್ರಾಕ್ಟ್ ತಾನೇ ಹಿಡಿದ. ಸರ್ವೇ ಗೊತ್ತಿತ್ತಲ್ಲ, ಕೆಲಸಕ್ಕೆ ಬಂತು. ತನ್ನ ತೆಲುಗು ಬೋಧಕರನ್ನೇ ಮೇಸ್ತ್ರಿಗಳಾಗಿ ನಿಲ್ಲಿಸಿದ. ಸಾವಿರಾರು ಜನ ಅಗೆದರು, ಪೂರ್ತಿ ಕೂಲಿ ತಗೊಂಡರು, ಜೀವ ಉಳಿಸಿಕೊಂಡರು.

ದೀಕ್ಷಾಸ್ನಾನ ಕೊಡಿ ಅಂತ ಜನ ಮುಗಿಬಿದ್ದರು. ಕ್ಲೌ ಕೊಡಲಿಲ್ಲ! 1877ರ ಮಾರ್ಚಿಂದ 1878ರ ಜೂನ್ ತನಕ, ಹದಿನೈದು ತಿಂಗಳು, ಒಬ್ಬರಿಗೂ ಕೊಡಲಿಲ್ಲ. ಪರಿಹಾರದ ಆಸೆಗೆ ಯಾರೂ ಬರಬಾರದು ಅಂತ. ಪರಿಹಾರದ ದುಡ್ಡೆಲ್ಲ ಮುಗೀತು, ಇನ್ನು ಕೊಡೋಕೆ ಏನೂ ಇಲ್ಲ ಅಂತ ತಿಳಿಸಿದ ಮೇಲೂ ಜನ ಬಂದ್ರು. ಆಗ ಒಪ್ಪಿದ. 1878ರ ಜುಲೈ 3ರಂದು, ಗುಂಡ್ಲಕಮ್ಮ ನದಿಯ ದಡದ ವೆಲ್ಲಂಪಲ್ಲಿಯಲ್ಲಿ, ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನ ಆಯ್ತು. ಕೊಟ್ಟವರು ಆರು ಜನ ತೆಲುಗು ಬೋಧಕರು, ಒಂದು ಸಲಕ್ಕೆ ಇಬ್ಬರಂತೆ ಸರದಿ ಮೇಲೆ ನೀರಿಗಿಳಿದು. ಎಂಟು ಜನರ ಸಭೆ ಆ ವರ್ಷದ ಕೊನೆಗೆ 12 ಸಾವಿರ ದಾಟಿತ್ತು.

ಇದನ್ನ ಓದಿ "ಅನ್ನ ಕೊಟ್ಟವನ ಋಣ, ಅದಕ್ಕೇ ಬಂದ್ರು" ಅನ್ನೋರು ಇದ್ದಾರೆ. ಪೂರ್ತಿ ತಳ್ಳಿಹಾಕೋಕೆ ಆಗಲ್ಲ. ಬರದಲ್ಲಿ ಕೈ ಹಿಡಿದವನನ್ನ ಮನುಷ್ಯ ಹದಿನೈದು ತಿಂಗಳಲ್ಲಿ ಮರೀತಾನಾ? ಆದ್ರೆ ಕೂಲಿ ಲೆಕ್ಕ ಹಾಕುವಾಗ ತನ್ನನ್ನ ಮನುಷ್ಯ ಅಂತ ನೋಡಿದವನನ್ನ ನಂಬೋದು ಬರೀ ಅಕ್ಕಿಯ ಆಸೆ ಅಲ್ಲ ಅಂತ ನಂಗನ್ಸುತ್ತೆ. ಇನ್ನೊಂದು ಮಾತು. 1950ರ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಆಂಧ್ರದಲ್ಲಿ ಅವರು ಹಿಂದುಳಿದ ವರ್ಗದ 'ಸಿ' ಗುಂಪಿಗೆ ಬರ್ತಾರೆ. ಅಂದ್ರೆ ಇವತ್ತು ಆ ನಂಬಿಕೆ ಕೊಡೋದಕ್ಕಿಂತ ಕಿತ್ಕೊಳ್ಳೋದೇ ಜಾಸ್ತಿ. ಆದರೂ ನನ್ನ ರೂಮ್‌ಮೇಟ್ ಮನೆಯವರು ನಾಲ್ಕು ತಲೆಮಾರಿನಿಂದ ಅಲ್ಲೇ ಇದ್ದಾರೆ.

ನಮ್ಮ ಪಾಂಪ್ಲೆಟ್ ಏನಾಯ್ತು ಅಂದ್ರಾ? ಅಯ್ಯಗಾರು ಬೇಡ ಅಂದಿದ್ದೇ ಕೊನೆ ಆಗಲಿಲ್ಲ. ಬ್ಯಾಪ್ಟಿಸ್ಟರಲ್ವಾ, ಫೋನಲ್ಲೇ ಸದಸ್ಯರ ಓಟು ಹಾಕಿಸಿದ್ರು. ಮೂರು ಓಟಿನಲ್ಲಿ ಪಾಂಪ್ಲೆಟ್ ಸೋತಿತು. ಆ ಹುಡುಗನೇ ಸ್ಕೂಟರ್ ಮೇಲೆ ಎಲ್ಲರಿಗಿಂತ ಜಾಸ್ತಿ ಕಿಟ್ ಹಂಚಿದ. ತಗೊಂಡವರಲ್ಲಿ ಹೆಚ್ಚಿನವರು ಊರಿಗೆ ಹೋದವರು ಮತ್ತೆ ಕಾಣಿಸಲೇ ಇಲ್ಲ.

ಒಬ್ಬ ಹೆಂಗಸು ಮಾತ್ರ 2021ರಲ್ಲಿ ವಾಪಸ್ ಬಂದು, ಮಗನನ್ನ ಟ್ಯೂಷನ್‌ಗೆ ಸೇರಿಸಿದ್ರು. ಮಾನ್ವಿ ಕಡೆಯವರು. ಒಂದು ವರ್ಷ ಬಾಗಿಲ ಹತ್ತಿರ ಕೂತು ಹಾಡು ಕೇಳ್ತಿದ್ರು. ಆಮೇಲೆ ನಾನೂ ಸೇರ್ತೀನಿ ಅಂದ್ರು. ಆಗ ಮಗನ ಸ್ಕೂಲ್ ಫೀಸಿಗೆ ಸಭೆಯಿಂದ ಸಹಾಯ ಹೋಗ್ತಿತ್ತು. ಅಯ್ಯಗಾರು "ನಿಮ್ಮ ಯಜಮಾನ್ರಿಗೆ ಕೆಲಸ ಸಿಗಲಿ, ಫೀಸು ನೀವೇ ಕಟ್ಟೋ ಹಾಗಾಗಲಿ, ಆಮೇಲೂ ಬೇಕನ್ಸಿದ್ರೆ ಬನ್ನಿ ಅಮ್ಮಾ" ಅಂದ್ರು. 2023ರಲ್ಲಿ ಆಕೆ ನೀರಿಗಿಳಿದ್ರು. ಮಗನಿಗೆ ಈಗ ಲೆಕ್ಕದಲ್ಲಿ ತೊಂಬತ್ತರ ಮೇಲೆ ಬರ್ತಿದೆ. ಅದರ ಕ್ರೆಡಿಟ್ ನಂದು, ಯಾರಿಗೂ ಕೊಡಲ್ಲ!

ಸಭೆ ಈಗ ಅರವತ್ತರ ಹತ್ತಿರ ಇದೆ. ಐದು ವರ್ಷಕ್ಕೆ ಇಪ್ಪತ್ತು ಜನ. ನಮ್ಮ ಆಫೀಸಲ್ಲಿ ಇಂಥ ಗ್ರೋತ್ ತೋರಿಸಿದ್ರೆ ಮ್ಯಾನೇಜರ್ ರೂಮಿಗೆ ಕರೀತಾನೆ.

ಇದನ್ನೆಲ್ಲ ತುಮಕೂರಲ್ಲಿರೋ ಅಮ್ಮನಿಗೆ ಹೇಳಿದಾಗ ಮೊದಲು ಗಾಬರಿ ಆದ್ರು. "ನಿನ್ನನ್ನೂ ಸೇರಿಸ್ಕೊಂಡ್ಬಿಟ್ರೆ ಏನೋ ಗತಿ?" ಅಂದ್ರು. ಕಾಯಿಸಿದ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿದ್ಧಗಂಗೆಯಲ್ಲೂ ಊಟಕ್ಕೆ ಕೂತವನನ್ನ ನೀನ್ಯಾರು ಅಂತ ಕೇಳಲ್ಲ. ಹಾಗಿದ್ರೆ ಹೋಗು" ಅಂದ್ರು.

ಕೊಡುವ ಕೈಯಲ್ಲಿ ಕರೆಯೋಲೆ ಇರಬಾರದು. ಕರೆಯೋದೇ ತಪ್ಪು ಅಂತಲ್ಲ. ನಂಬಿದ್ದನ್ನ ಹೇಳಿಕೊಳ್ಳೋ ಹಕ್ಕು ಎಲ್ಲರಿಗೂ ಇದೆ. ಆದ್ರೆ ಎದುರಿಗಿರೋನು ಹೊಟ್ಟೆ ತುಂಬಿ, ಎದ್ದು ನಿಂತು, ಬೇಡ ಅನ್ನೋ ಶಕ್ತಿ ಬಂದ ಮೇಲೆ ಕರೀಬೇಕು. ಅಲ್ಲಿವರೆಗೂ ಕಾಯೋಕೆ ಕೊಡೋದಕ್ಕಿಂತ ದೊಡ್ಡ ನಂಬಿಕೆ ಬೇಕು ಅಂತ ಕಾಣುತ್ತೆ. ಇದು ಚರ್ಚಿಗೆ ಮಾತ್ರ ಅಲ್ಲ, ಮಠಕ್ಕೂ, ಸಂಘಕ್ಕೂ, ಪಕ್ಷಕ್ಕೂ ಸಲ್ಲೋ ಮಾತು. ನೀವೇನಂತೀರಿ?