ಹದಿನೆಂಟು ರೂಪಾಯಿ ರಿಯಾಯಿತಿ

ಮೊನ್ನೆ ರಾತ್ರಿ ನಮ್ಮೂರಿನ ತಂಗಿಯೊಬ್ಬಳು ವಾಟ್ಸಾಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ಲು. ಯಾವುದೋ ಆ್ಯಪಿನ ಕೂಪನ್. 999 ರೂಪಾಯಿಗೆ ಮೇಲ್ಪಟ್ಟು ಪುಸ್ತಕ ಕೊಂಡರೆ 200 ರೂಪಾಯಿ ಕಡಿತ. ಕೆಳಗೆ ಅವಳ ಪ್ರಶ್ನೆ: "ಅಣ್ಣ, ನನ್ ಹತ್ರ ಇರೋದು 400. ನಂಗೆ ಬೇಕಿರೋದು ಒಂದೇ ಬುಕ್ಕು, 350 ರೂಪಾಯಿದು. ಇದ್ರಲ್ಲಿ ನಂಗೇನಾದ್ರೂ ಕಮ್ಮಿ ಆಗುತ್ತಾ?"

ಆಗಲ್ಲ ಕಣವ್ವ ಅಂತ ಬರೆದೆ. ಆಮೇಲೆ ನಿದ್ದೆ ಬರ್ಲಿಲ್ಲ. 200 ರೂಪಾಯಿ ಉಳಿಸ್ಬೇಕು ಅಂದ್ರೆ ಮೊದ್ಲು ಕೈಯಲ್ಲಿ 800 ಇರ್ಬೇಕು. ಇದ್ದೋರಿಗೆ ಕಡಿತ, ಇಲ್ದೋರಿಗೆ ಪೂರ್ತಿ ಬೆಲೆ, ಮೇಲೆ ಡೆಲಿವರಿ ಚಾರ್ಜು.

ರಿಯಾಯಿತಿ ಅನ್ನೋ ಪದವನ್ನ ನಾನು ಮೊದಲು ಕೇಳಿದ್ದು ಅಂಗಡಿಯಲ್ಲಲ್ಲ, ಕ್ಲಾಸಿನಲ್ಲಿ. "ನಿಮಗೇನಪ್ಪಾ, ಫೀಸು ರಿಯಾಯಿತಿ, ಮಾರ್ಕ್ಸು ರಿಯಾಯಿತಿ, ಎಲ್ಲಾ ರಿಯಾಯಿತೀಲೇ ಬರುತ್ತೆ." ಇದನ್ನ ಕೇಳದೇ ಡಿಗ್ರಿ ಮುಗಿಸಿದವರು ನಮ್ಮಲ್ಲಿ ಯಾರಾದ್ರೂ ಇದ್ರೆ ಕಾಮೆಂಟಲ್ಲಿ ಹೇಳಿ, ನಾನು ಬಂದು ಕೈ ಮುಗೀತೀನಿ. ಹಂಗೆ ಹೇಳ್ತಿದ್ದವರೇ ಈಗ ಮಾಲ್‌ಗಳಲ್ಲಿ ಮೆಂಬರ್‌ಶಿಪ್ ಕಾರ್ಡ್ ಹಿಡಿದು, ಪಾಯಿಂಟ್ಸ್ ಎಷ್ಟಾಯ್ತು ಅಂತ ಲೆಕ್ಕ ಹಾಕ್ತಾ ನಿಂತಿರ್ತಾರೆ. ಅವರನ್ನ ಯಾರೂ 'ರಿಯಾಯಿತಿ ಗಿರಾಕಿ' ಅನ್ನಲ್ಲ. ಜಾಣರು ಅಂತಾರೆ.

ನಮ್ಮವ್ವನಿಗೆ ಚೌಕಾಸಿ ಮಾಡೋದು ಗೊತ್ತಿರ್ಲಿಲ್ಲ. ಗೊತ್ತಿರ್ಲಿಲ್ಲ ಅನ್ನೋದು ತಪ್ಪು, ಅವಕಾಶ ಇರ್ಲಿಲ್ಲ. ಊರಿನ ಅಂಗಡಿಯಲ್ಲಿ ದುಡ್ಡನ್ನ ಕಟ್ಟೆ ಮೇಲೆ ಇಟ್ಟು ಹಿಂದೆ ಸರೀಬೇಕು. ಸೊಪ್ಪು, ಬೆಲ್ಲ, ಎಣ್ಣೆ ಏನಿದ್ರೂ ಮೇಲಿಂದ ಸೆರಗಿಗೆ ಬೀಳೋದು. ಮುಟ್ಟಿಸ್ಕೊಳ್ಳದ ಕೈಗೆ "ಎರಡು ರೂಪಾಯಿ ಬುಡಿ ಬುದ್ಧಿ" ಅಂತ ಕೇಳೋ ಬಾಯಿ ಎಲ್ಲಿಂದ ಬರಬೇಕು? ಕೊಟ್ಟಷ್ಟು ತಗೊಂಡು, ಕೇಳಿದಷ್ಟು ಕೊಟ್ಟು ಬರೋದು. ಆ ಬಾಯಿ ಕಟ್ಟಿಸ್ಕೊಂಡೇ ನಾನೂ ಮೈಸೂರಿಗೆ ಬಂದವನು.

2006. ಬಿ.ಎ. ಎರಡನೇ ವರ್ಷ. ಸಂವಿಧಾನದ ಬಗ್ಗೆ ಒಂದು ಪುಸ್ತಕ ಬೇಕಿತ್ತು, ಬೆಲೆ 180. ಛತ್ರಗಳಲ್ಲಿ ಕೇಟರಿಂಗ್ ಕೆಲಸಕ್ಕೆ ಹೋಗಿ ಕೂಡಿಟ್ಟ ದುಡ್ಡು. (ಅಲ್ಲೂ ಪಂಕ್ತಿ ಬಡಿಸೋಕೆ ನಿಂತಾಗ ಯಾರಾದ್ರೂ "ಯಾವ ಪೈಕಿ?" ಅಂದ್ರೆ ಊರ ಹೆಸರು ಹೇಳಿ ಪಾತ್ರೆ ಎತ್ಕೊಂಡು ಮುಂದಕ್ಕೆ ಹೋಗ್ತಿದ್ದೆ. ಅದು ಬೇರೆ ಕತೆ.) ಅಂಗಡಿ ಗಲ್ಲದ ಹಿಂದೆ ಬೋರ್ಡು: ಗುರುತಿನ ಚೀಟಿ ತೋರಿಸುವ ವಿದ್ಯಾರ್ಥಿಗಳಿಗೆ ಶೇ. 10 ರಿಯಾಯಿತಿ. ಜೇಬಿಗೆ ಕೈ ಹಾಕ್ದೆ. ಕಾಲೇಜು ಕಾರ್ಡು ರೂಮಲ್ಲೇ ಉಳಿದಿತ್ತು. ಇದ್ದದ್ದು ಹಾಸ್ಟೆಲ್ ಕಾರ್ಡು. ಅದರ ನೆತ್ತಿ ಮೇಲೆ ದಪ್ಪ ಅಕ್ಷರದಲ್ಲಿ: ಸಮಾಜ ಕಲ್ಯಾಣ ಇಲಾಖೆ, ಮೆಟ್ರಿಕ್ ನಂತರದ ಪರಿಶಿಷ್ಟ ಜಾತಿ ಬಾಲಕರ ವಿದ್ಯಾರ್ಥಿನಿಲಯ.

ಹಿಂದೆ ಇಬ್ಬರು ನಿಂತಿದ್ರು. ಅದರಲ್ಲಿ ಒಬ್ಬ ನನ್ನ ಕ್ಲಾಸಿನವನು. ಗಲ್ಲದಲ್ಲಿದ್ದವರು "ಸ್ಟೂಡೆಂಟಾ? ಕಾರ್ಡಿದ್ಯಾ?" ಅಂದ್ರು. ಒಳ್ಳೆ ದನಿಯಲ್ಲೇ ಕೇಳಿದ್ರು, ಅವರದೇನೂ ತಪ್ಪಿಲ್ಲ. ನಾನು "ಇಲ್ಲ ಸಾರ್" ಅಂದೆ. ಪೂರ್ತಿ 180 ಕೊಟ್ಟು ಬಂದೆ.

18 ರೂಪಾಯಿ. ಆಗ ಅದು ನನಗೆ ಎರಡು ದಿನದ ಸಿಟಿ ಬಸ್ಸು. ಅಸ್ಪೃಶ್ಯತೆಯನ್ನ ನಿಷೇಧ ಮಾಡೋ 17ನೇ ವಿಧಿಯನ್ನ ಆ ಪುಸ್ತಕದಲ್ಲೇ ಅಡಿಗೆರೆ ಎಳೆದು ಓದಿದ್ದು. ಓದಿದ್ದೇನೋ ಸರಿ, ಆ ಕಾರ್ಡನ್ನ ಜೇಬಿನಿಂದ ಆಚೆ ತೆಗೆಯೋಕೆ ಮಾತ್ರ ಇನ್ನೂ ಒಂದು ವರ್ಷ ಬೇಕಾಯ್ತು. ನಾಚಿಕೆಗೂ ಒಂದು ಬಿಲ್ಲು ಇರುತ್ತೆ, ಅದನ್ನ ನಾವೇ ಕಟ್ತಿರ್ತೀವಿ.

ಆಗ ನಮಗೆ ದಾರಿ ಹೇಳೋರೂ ಇರ್ಲಿಲ್ಲ. ಕಾಲೇಜು ಲೈಬ್ರರಿಯಲ್ಲಿ ಎಸ್‌ಸಿ/ಎಸ್‌ಟಿ ಬುಕ್ ಬ್ಯಾಂಕ್ ಅಂತ ಇತ್ತು, ವರ್ಷಕ್ಕೆಲ್ಲ ಪಠ್ಯಪುಸ್ತಕ ಇಟ್ಕೊಂಡು ಓದಿ ವಾಪಸ್ ಕೊಡಬಹುದು ಅಂತ ನನಗೆ ತಿಳಿದಿದ್ದು ಕೊನೇ ವರ್ಷದಲ್ಲಿ. ಬೀರು ಇತ್ತು, ಬೀಗವೂ ಇತ್ತು, ಬೀಗದ ಕೈ ಯಾವಾಗಲೂ ರಜೆ ಮೇಲಿರ್ತಿತ್ತು. ಈಗ ಓದ್ತಿರೋ ತಮ್ಮಂದಿರು, ತಂಗಿಯರು ನಾಳೆಯೇ ಹೋಗಿ ಕೇಳಿ. ಕೊಡಲ್ಲ ಅಂದ್ರೆ ಬಾಯಲ್ಲಿ ಜಗಳ ಬೇಡ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ.

ಹಳೇ ಪುಸ್ತಕ ಕೊಳ್ಳೋಕೆ ಸಂಕೋಚ ಬೇಡ. ಬಾಬಾಸಾಹೇಬರು ನ್ಯೂಯಾರ್ಕಿನಲ್ಲಿ ಓದುವಾಗ ಹಳೇ ಪುಸ್ತಕದ ಅಂಗಡಿಗಳನ್ನ ಸುತ್ತಿ ಸುತ್ತಿ ಪುಸ್ತಕ ಕೂಡಿಟ್ಟವರು. 1917ರಲ್ಲಿ ಊರಿಗೆ ಮರಳುವಾಗ, ಬೇರೆ ಹಡಗಿಗೆ ಹಾಕಿದ ಅವರ ಪುಸ್ತಕಗಳು ಯುದ್ಧದ ದಾಳಿಗೆ ಸಿಕ್ಕಿ ಸಮುದ್ರ ಪಾಲಾದವು. ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದಾಗೆಲ್ಲ ನನಗೆ ಇದು ನೆನಪಾಗುತ್ತೆ. ಅಲ್ಲಿ ಪುಸ್ತಕದ ಒಳಪುಟದಲ್ಲಿ ಯಾರದೋ ಹೆಸರು ಇದ್ರೂ ಪರವಾಗಿಲ್ಲ, ಕೆಳಗೆ ನಿಮ್ಮ ಹೆಸರು ಬರ್ಕೊಳ್ಳಿ. ಇನ್ನೊಂದು ವಿಷಯ: ಬಾಬಾಸಾಹೇಬರು ಬದುಕಿದ್ದಾಗಲೇ ಅಚ್ಚಾದ ಬರಹಗಳ ಕಾಪಿರೈಟ್ 2016ರ ಕೊನೆಗೆ ಮುಗಿದಿದೆ. ಈಗ ಅವನ್ನ ಯಾರು ಬೇಕಾದ್ರೂ ಅಚ್ಚು ಹಾಕಬಹುದು. ಹಾಗಾಗಿ ಅದೇ 'ಜಾತಿ ವಿನಾಶ' ಒಂದು ಕಡೆ ದುಬಾರಿಗೂ ಸಿಗುತ್ತೆ, ಇನ್ನೊಂದು ಕಡೆ ಚಹಾ ದುಡ್ಡಿಗೂ ಸಿಗುತ್ತೆ. ಹೊದಿಕೆ ನೋಡಿ ಕೊಳ್ಳಬೇಡಿ, ಅನುವಾದ ಯಾರದು ನೋಡಿ.

ಕಡಿಮೆಗೆ ಸಿಕ್ಕಿದ್ದೆಲ್ಲ ಲಾಭ ಅಲ್ಲ. ಇದನ್ನ ನಾನು ಕಲಿತಿದ್ದು ಕೇರಿಯ ಅಂಬೇಡ್ಕರ್ ಭವನಕ್ಕೆ ಪುಸ್ತಕದ ಬೀರು ಮಾಡುವಾಗ. ಹೆಣ್ಣುಮಕ್ಕಳ ಸಂಘದಿಂದ ತಲೆಗೆ ಇಪ್ಪತ್ತು ಮೂವತ್ತು ಅಂತ ಎತ್ತಿ 6,000 ರೂಪಾಯಿ ನನ್ನ ಕೈಗಿಟ್ರು. ಕೂಲಿ ದುಡ್ಡು. ಒಂದು ರೂಪಾಯಿನೂ ಪೋಲಾಗಬಾರದು ಅಂತ ಅರ್ಧ ದುಡ್ಡನ್ನ ಆನ್‌ಲೈನಲ್ಲಿ ಹಾಕ್ದೆ, ಶೇ. 40 ಕಡಿತ. ಬಂದವು. ಬೀರಿಗೆ ಇಟ್ವಿ. ತಿಂಗಳಾದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಬಂದು "ಅಣ್ಣ, 96 ಆದ್ಮೇಲೆ 113 ಬರ್ತದೆ, ಮಧ್ಯದ್ದು ಎಲ್ಲಿ?" ಅಂದ. ಒಂದು ಫಾರ್ಮೇ ಇಲ್ಲ, ಹದಿನಾರು ಪುಟ. ತಿರುಗಿಸಿ ನೋಡಿದ್ರೆ ಕದ್ದು ಅಚ್ಚು ಹಾಕಿದ ಪ್ರತಿ, ಅಕ್ಷರ ಮಸುಕು. ವಾಪಸ್ ಮಾಡೋ ಅವಧಿ ಮುಗಿದಿತ್ತು.

ಉಳಿದರ್ಧ ದುಡ್ಡಿಗೆ ಏಪ್ರಿಲ್ 14ರ ಕಾರ್ಯಕ್ರಮದಲ್ಲಿ ತಾಡಪಾಲು ಹಾಸಿ ಪುಸ್ತಕ ಹರಡಿದ್ದ ಹಿರಿಯರ ಹತ್ರ ಹೋದೆ. ಅವರು ಶೇ. 20 ಬಿಟ್ರು. ನಾನು ಶೂರನಂಗೆ ಇನ್ನೂ ಬಿಡಿ ಅಂತ ಜಗ್ಗಾಡ್ದೆ. ಅವ್ವನಿಗೆ ಬರದೇ ಇದ್ದದ್ದು ನನಗೆ ಬಂತಲ್ಲ ಅನ್ನೋ ಹುರುಪು. ಅವರು ಸಿಟ್ಟಾಗಲಿಲ್ಲ. "ನೂರು ರೂಪಾಯಿ ಪುಸ್ತಕಕ್ಕೆ ಪ್ರಕಾಶಕ್ರು ನಂಗೆ ಮೂವತ್ತೈದು ಬಿಡ್ತಾರೆ ಕಣಪ್ಪ. ನಿಂಗೆ ಇಪ್ಪತ್ತು ಹೋಯ್ತು. ಹದಿನೈದರಲ್ಲಿ ಬಸ್ಸು, ಲಗೇಜು, ಊಟ. ಬರೆದೋರಿಗೆ ಹತ್ತು ಹೋಗ್ಬೇಕು, ಅದೂ ಎಷ್ಟೋ ಸಲ ಹೋಗಲ್ಲ. ಇನ್ನು ಯಾರದ್ದನ್ನ ಬುಡಿಸ್ತೀಯಾ ಹೇಳು, ಬುಡ್ತೀನಿ." ಸುಮ್ಮನೆ ದುಡ್ಡು ಕೊಟ್ಟೆ. ಆ ಬರೆದೋರಲ್ಲಿ ಮುಕ್ಕಾಲು ಪಾಲು ನಮ್ಮವರೇ.

ಅದಕ್ಕೇ ಈಗ ನಾನು ನೋಡೋದು ಕಡಿತ ಎಷ್ಟು ಅಂತಲ್ಲ, ಯಾರ ಜೇಬಿಂದ ಅಂತ. ಸರ್ಕಾರದ ದುಡ್ಡಲ್ಲಿ ಅಚ್ಚಾದ ಪುಸ್ತಕಕ್ಕೆ ಸರ್ಕಾರ ಬಿಡೋ ರಿಯಾಯಿತಿಯನ್ನ ಒಂದು ಪೈಸೆ ಬಿಡದೆ ತಗೊಳ್ಳಿ, ಅದು ನಮ್ಮ ತೆರಿಗೆ. ಕನ್ನಡ ಪುಸ್ತಕ ಪ್ರಾಧಿಕಾರ ರಾಜ್ಯೋತ್ಸವದ ತಿಂಗಳಲ್ಲಿ ತನ್ನ ಪುಸ್ತಕಗಳನ್ನ ಅರ್ಧ ಬೆಲೆಗೂ ಕೊಟ್ಟಿದ್ದುಂಟು. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನಕ್ಕೆ ಈ ನವೆಂಬರಲ್ಲಿ ನಾವೊಂದು ಐದಾರು ಜನ ಹೋಗ್ತಿದ್ದೀವಿ. ಹೋಗೋ ಮುಂಚೆ ಫೋನ್ ಮಾಡಿ ಏನಿದೆ ಎಷ್ಟಿದೆ ಕೇಳ್ತೀವಿ. ಕೇರಿಗೆ, ಹಾಸ್ಟೆಲ್ಲಿಗೆ ಬೇಕಾದ ಪಟ್ಟಿ ಇದ್ರೆ ಇನ್‌ಬಾಕ್ಸಿಗೆ ಹಾಕಿ, ಒಟ್ಟಿಗೆ ತರ್ತೀವಿ.

ಸಣ್ಣ ಪ್ರಕಾಶಕರಾದ್ರೆ ನೇರ ಅವರಿಗೇ ಫೋನ್ ಮಾಡಿ. ಮಧ್ಯದವರ ಪಾಲು ಉಳಿಯುತ್ತಲ್ಲ, ಅದರಲ್ಲಿ ಅವರೇ ಸಂತೋಷವಾಗಿ ಸ್ವಲ್ಪ ಬಿಡ್ತಾರೆ. 2024ರ ಡಿಸೆಂಬರಲ್ಲಿ ಅಂಚೆಯವರು ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿದಾಗ ಇವರಿಗೆಲ್ಲ ದೊಡ್ಡ ಪೆಟ್ಟು ಬಿತ್ತು. ಬಿಟ್ಟ ರಿಯಾಯಿತಿಯೆಲ್ಲ ಕೊರಿಯರ್‌ಗೇ ಹೋಗ್ತಿತ್ತು. ಆಮೇಲೆ 2025ರ ಮೇ 1ರಿಂದ 'ಜ್ಞಾನ್ ಪೋಸ್ಟ್' ಶುರುವಾಯ್ತು. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆ.ಜಿ.ಗೆ 100, ತೆರಿಗೆ ಬೇರೆ. ನಿಧಾನಕ್ಕೆ ಬರುತ್ತೆ, ಆದ್ರೆ ಕೊರಿಯರ್ ಹುಡುಗ ಬರದ ಕೇರಿಗೂ ಪೋಸ್ಟ್‌ಮ್ಯಾನ್ ಬರ್ತಾನೆ.

ಹದಿನಾರು ಪುಟ ಇಲ್ಲದ ಆ ಪುಸ್ತಕವನ್ನ ಎಸೆಯಲಿಲ್ಲ. ಗೆಳೆಯನ ಹತ್ರ ಒಳ್ಳೆ ಪ್ರತಿ ಇತ್ತು, ಆ ಪುಟಗಳನ್ನ ಜೆರಾಕ್ಸ್ ಮಾಡಿಸಿ, ಹುಡುಗನೇ ಮೈದಾ ಅಂಟು ಕಾಯಿಸಿ ಅಂಟಿಸಿದ. ಪುಸ್ತಕ ಈಗ ಸ್ವಲ್ಪ ಊದಿಕೊಂಡಿದೆ.

ಇನ್ನು ಆ ತಂಗಿ. ಪ್ರಕಾಶಕರ ನಂಬರ್ ಕೊಟ್ಟಿದ್ದೆ. ನಿನ್ನೆ ಮೆಸೇಜು ಬಂತು: "ಅಣ್ಣ, ವಿದ್ಯಾರ್ಥಿಗಳಿಗೆ ಕಮ್ಮಿ ಮಾಡ್ತಾರಂತೆ, ಅಂಚೆ ಖರ್ಚು ಸೇರಿನೂ ಮೂವತ್ತು ರೂಪಾಯಿ ಹತ್ರ ಉಳೀತು. ಐಡಿ ಕಾರ್ಡ್ ಫೋಟೋ ಕಳಿಸಮ್ಮ ಅಂದ್ರು. ಕಾಲೇಜಿಂದು ಇನ್ನೂ ಕೊಟ್ಟಿಲ್ವಲ್ಲ, ಹಾಸ್ಟೆಲ್ ಕಾರ್ಡೇ ಕಳಿಸ್ದೆ. ನಡೀತದೆ ಅಲ್ವಾ?"

ನಡೀತದೆ ಕಣವ್ವ.

ಜೈ ಭೀಮ್.