ವಯಸ್ಸಾದ ಮೇಕೆಗೆ ಸಣ್ಣ ಉರಿ

ಹೂಡಿ ಕಡೆ ಮೇಕೆ ಕಟ್ಟಿರೋರಿಗೆ ಗೊತ್ತು, ವಯಸ್ಸಾಗಿದ್ರೆ ವ್ಯಾಪಾರಿ "ಬಾಡು ಬೇಯಲ್ಲ" ಅಂತ ಅರ್ಧ ರೇಟು ಕೇಳ್ತಾನೆ. ಈ ಸಲ ಕೊಡಲಿಲ್ಲ. ನಾಲ್ಕು ಮನೆ ಸೇರಿ ಗುಡ್ಡೆ ಹಾಕಿ ಹಂಚಿಕೊಂಡ್ವಿ.

ಕುಕ್ಕರ್ ಮುಟ್ಟಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಅರಿಶಿನದ ಜೊತೆ ಬಾಡು ಬಿಟ್ಟ ನೀರು ಇಂಗೋವರೆಗೂ ಹುರಿದು, ಬಿಸಿನೀರು ಹುಯ್ದು, ಸೌದೆ ಒಲೇಲಿ ಸಣ್ಣ ಉರಿಯಲ್ಲಿ ಮೂರು ಗಂಟೆ. ಅರೆದ ಮಸಾಲೆ ಕೊನೇ ಅರ್ಧ ಗಂಟೇಲಿ. ಮೇದು ಓಡಾಡಿದ ಮೇಕೆ ಕಾಲಲ್ಲಿ ನರ ಜಾಸ್ತಿ. ಅದು ನಿಧಾನಕ್ಕೆ ಕರಗಿದ್ರೇನೇ ಸಾರು ಕೈಗೆ ಅಂಟೋದು.

ಜಮೈಕಾದೋರೂ ಮೇಕೆ ಬಾಡನ್ನ ಹೀಗೇ ಗಂಟೆಗಟ್ಟಲೆ ಬೇಯಿಸ್ತಾರೆ. 1845ರಿಂದ ಅಲ್ಲಿಗೆ ಕೂಲಿಗೆ ಹೋದ ನಮ್ಮ ದೇಶದೋರು ಕಲಿಸಿದ ಕರಿ ಅದು. ಮುದ್ದೆ ಮಾತ್ರ ಇಲ್ಲ, ಪಾಪ.

ಗೊಡ್ಡು ಮೇಕೆ ಮಾರೋರಿದ್ರೆ ವ್ಯಾಪಾರಿಗಿಂತ ಮುಂಚೆ ನಮಗೆ ಹೇಳಿ, ಗುಡ್ಡೆ ಹಾಕೋಣ.