ಮೋಟ್ರು ಎತ್ತೋಕೆ ಮುಂಚೆ

ನಮ್ಮ ರೂಮಲ್ಲಿ ಮೂರು ಜನ. ಹೆಸರು ಹಿಡಿದು ಯಾರೂ ಕರೆಯಲ್ಲ, ಊರಿಂದಾನೇ ಕರೆಯೋದು: ತೀರ್ಥಹಳ್ಳಿ, ಹಾಸನ, ಬೆಂಗಳೂರು. ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಈ ಲೇಖನದಲ್ಲಿ ಕಾಗುಣಿತ ತಪ್ಪಿದ್ರೆ ಮೂವರದ್ದೂ ಸಮಪಾಲು.

ಇದು ಮಿನಿ ಪ್ರಾಜೆಕ್ಟ್ ಡೆಮೋದ ಹಿಂದಿನ ರಾತ್ರಿಯ ಕಥೆ. ಇಎಸ್‌ಪಿ32 ಬೋರ್ಡಿಗೆ ಮಣ್ಣಿನ ತೇವ ಅಳೆಯೋ ಸೆನ್ಸರ್ ಜೋಡಿಸಿ, ರೀಡಿಂಗನ್ನ ವೈ-ಫೈ ಮೂಲಕ ಲ್ಯಾಪ್‌ಟಾಪಿಗೆ ಕಳಿಸಿ, ಅಲ್ಲಿ ಗ್ರಾಫ್ ತೋರಿಸೋದು ನಮ್ಮ ಪ್ರಾಜೆಕ್ಟ್. ತೀರ್ಥಹಳ್ಳಿ ಮನೆಯ ಅಡಿಕೆ ತೋಟ ನೆನೆಸಿಕೊಂಡೇ ಆರಿಸಿದ್ದು. ಸೆಟಪ್ ಎಲ್ಲಾ ಅವನ ಲ್ಯಾಪ್‌ಟಾಪಲ್ಲೇ, ಲಿನಕ್ಸಲ್ಲಿ. ಆ ಲ್ಯಾಪ್‌ಟಾಪ್ ಅವರಪ್ಪ ಅಡಿಕೆ ದುಡ್ಡು ಬಂದಾಗ ಕೊಡಿಸಿದ್ದು. ಅದರ ಮೇಲೆ ಟೀ ಲೋಟ ಇಟ್ಟರೂ ಅವನು ಬೈತಾನೆ.

ರಾತ್ರಿ ಒಂಬತ್ತಕ್ಕೆ ಗ್ರಾಫ್ ಓಡ್ತಾ ಇತ್ತು. ಲ್ಯಾಪ್‌ಟಾಪ್ ಸ್ವಲ್ಪ ಸ್ಲೋ ಆಯ್ತು. ಹಾಸನ ಹೇಳಿದ, "ಒಂದ್ಸಲ ರೀಸ್ಟಾರ್ಟ್ ಮಾಡೋ, ಸರಿಹೋಗತ್ತೆ." ಮಾಡಿದ್ವಿ. ಲ್ಯಾಪ್‌ಟಾಪ್ ಫಾಸ್ಟ್ ಆಯ್ತು, ವೈ-ಫೈ ಐಕಾನೇ ಮಾಯ. ಸೆಟ್ಟಿಂಗ್ಸ್ ತೆಗೆದ್ರೆ 'ನೋ ವೈ-ಫೈ ಅಡಾಪ್ಟರ್ ಫೌಂಡ್' ಅಂತ ಒಂದೇ ಸಾಲು.

ಆಮೇಲೆ ನಾವು ಮಾಡಿದ್ದನ್ನ ಹೇಳೋಕೆ ಸ್ವಲ್ಪ ನಾಚಿಕೆ ಆಗತ್ತೆ. ಮತ್ತೆ ರೀಸ್ಟಾರ್ಟ್. ಇಲ್ಲ. ಷಟ್‌ಡೌನ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್. ಇಲ್ಲ. ಏರೋಪ್ಲೇನ್ ಮೋಡ್ ಕೀ ಒತ್ತಿದ್ವಿ. ಚಾರ್ಜರ್ ಕಿತ್ತು, ಪವರ್ ಬಟನ್ನನ್ನ ಮೂವತ್ತು ಸೆಕೆಂಡ್ ಒತ್ತಿ ಹಿಡಿದ್ವಿ. ಕಾರಿಡಾರಿನ ರೂಟರನ್ನೂ ಆಫ್ ಮಾಡಿ ಆನ್ ಮಾಡಿದ್ವಿ. ಪಕ್ಕದ ರೂಮವರು ಮ್ಯಾಚ್ ನೋಡ್ತಿದ್ರು, ಅವರು ಏನೇನು ಅಂದ್ರು ಅಂತ ಇಲ್ಲಿ ಬರೆಯೋ ಹಾಗಿಲ್ಲ. ಎಲ್ಲರ ಫೋನಿಗೂ ನೆಟ್ ಬರ್ತಿತ್ತು. ಅಂದ್ಮೇಲೆ ರೂಟರಿಂದು ತಪ್ಪಲ್ಲ ಅಂತ ಅಷ್ಟು ಹೊತ್ತಿಗೇ ಗೊತ್ತಾಗಬೇಕಿತ್ತು.

"ಸುಮ್ನೆ ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ" ಅಂತ ತೀರ್ಥಹಳ್ಳಿ ಒಂದು ಮಾತು ಅಂದ. ಹಾಸನ ಎದ್ದು ಹೋಗಿ ಅವನ ಮಂಚದ ಮೇಲೆ ಗೋಡೆ ಕಡೆ ತಿರುಗಿ ಕೂತ. ಉಳಿದ ದಾರಿ ಒಂದೇ ಅನ್ನಿಸ್ತು, ಫಾರ್ಮ್ಯಾಟ್. ಪೆನ್‌ಡ್ರೈವ್ ರೆಡಿ ಮಾಡಿದ್ವಿ. ಕೋಡ್ ಕಾಪಿ ಮಾಡ್ಕೊಬಹುದಿತ್ತು, ಆದ್ರೆ ಮೂರು ವಾರ ಒದ್ದಾಡಿ ಮಾಡಿದ ಸೆಟಪ್ ಬೆಳಗ್ಗೆ ಹತ್ತರೊಳಗೆ ಮತ್ತೆ ಆಗೋದು ಡೌಟೇ.

ಅದಕ್ಕೂ ಮುಂಚೆ ತೀರ್ಥಹಳ್ಳಿ ಮನೆಗೆ ಫೋನ್ ಮಾಡಿದ. ಸರ್ವಿಸ್‌ಗೆ ಕೊಡಬೇಕಾದ್ರೆ ದುಡ್ಡು ಬೇಕಾಗತ್ತೆ ಅಂತ ಮೊದಲೇ ಹೇಳಿಡೋಕೆ. ಸ್ಪೀಕರ್ ಆನ್ ಇತ್ತು.

"ವೈ-ಫೈ ಕಾರ್ಡ್ ಹೋಗಿದೆ ಅನ್ಸತ್ತೆ ಅಪ್ಪ."

"ಹೋಗಿದೆ ಅಂತ ಹೇಗೆ ಗೊತ್ತಾಯ್ತು? ಬಿಚ್ಚಿ ನೋಡಿದ್ರಾ?"

"ಇಲ್ಲ. ಡ್ರೈವರ್ ಪ್ರಾಬ್ಲಮ್ಮೂ ಇರಬಹುದು."

"ಡ್ರೈವರ್ ಅಂದ್ರೆ ಎಂತದೋ ಅದು?"

ಮೂವರೂ ಸುಮ್ಮನಾದ್ವಿ. ಡಿವೈಸ್ ಡ್ರೈವರ್ ಅಂದ್ರೆ ಏನು ಅಂತ ಪರೀಕ್ಷೆಲಿ ಐದು ಮಾರ್ಕಿಗೆ ಇಂಗ್ಲಿಷಲ್ಲಿ ಬರೆದು, ಐದಕ್ಕೆ ಐದು ತಗೊಂಡವರು ನಾವು. ಕನ್ನಡದಲ್ಲಿ ಒಂದು ವಾಕ್ಯ ಹೊರಡಲಿಲ್ಲ. ಕನ್ನಡ ಬರಲ್ಲ ಅಂತಲ್ಲ, ಮನೆಯಲ್ಲಿ ಮಾತಾಡೋದು ಅದೇ. ಆ ಐದು ಮಾರ್ಕಿನ ಉತ್ತರದ ಒಳಗೆ ಏನಿದೆ ಅಂತ ನಾವು ಯಾವತ್ತೂ ತೆಗೆದು ನೋಡಿರಲಿಲ್ಲ, ಅಷ್ಟೇ.

ಕೊನೆಗೆ ಬೆಂಗಳೂರು ಹೇಳಿದ, "ಅಂಕಲ್, ಕಾರ್ಡಿನ ಭಾಷೆ ಒಂದು, ಕಂಪ್ಯೂಟರಿನ ಭಾಷೆ ಇನ್ನೊಂದು. ಇವರ ಮಾತು ಅವರಿಗೆ ಹೇಳೋಕೆ ಮಧ್ಯೆ ಒಬ್ಬ ಬೇಕು. ಅವನೇ ಡ್ರೈವರ್."

"ಹಂಗೆ ಹೇಳಿ ಮತ್ತೆ. ಈಗ ಕಾರ್ಡೇ ಇಲ್ವೋ, ಮಧ್ಯೆ ಇರೋನು ಇಲ್ವೋ? ಮೊದಲು ಅದನ್ನ ನೋಡಿ. ತೋಟದ ಮೋಟ್ರು ಓಡ್ಲಿಲ್ಲ ಅಂದ ಕೂಡಲೇ ಬೋರಿಂದ ಎತ್ತಿಸ್ತಾರಾ? ಕರೆಂಟ್ ನೋಡು, ಫ್ಯೂಸ್ ನೋಡು, ಸ್ಟಾರ್ಟರ್ ನೋಡು. ಎತ್ತೋದು ಕೊನೇಗೆ. ನಿನ್ನೆವರೆಗೂ ಸರಿ ಇತ್ತು ಅಂತೀರಲ್ಲ, ಮಧ್ಯೆ ಎಂತ ಬದಲಾಯ್ತು ಅಂತ ನೋಡಿದ್ರಾ?"

ನೋಡಿರಲಿಲ್ಲ. ಫೋನ್ ಇಟ್ಟ ಮೇಲೆ ಮೊದಲ ಸಲ ರೀಸ್ಟಾರ್ಟ್ ಬಿಟ್ಟು ಟರ್ಮಿನಲ್ ತೆಗೆದ್ವಿ.

ಕಾರ್ಡ್ ಇದ್ಯಾ? ಎಲ್‌ಎಸ್‌ಪಿಸಿಐ ಅಂತ ಕಮಾಂಡ್ ಕೊಟ್ಟರೆ ಒಳಗೆ ಜೋಡಿಸಿರೋ ಹಾರ್ಡ್‌ವೇರಿನ ಪಟ್ಟಿ ಬರತ್ತೆ. ಅದರಲ್ಲಿ ವೈ-ಫೈ ಕಾರ್ಡಿನ ಹೆಸರು ಕಾಣ್ತು. ಬದುಕಿದೆ! ತೀರ್ಥಹಳ್ಳಿ ಉಸಿರು ಬಿಟ್ಟಿದ್ದು ಕೇಳಿಸ್ತು. ಮಧ್ಯೆ ಇರೋನು ಇದಾನಾ? ಅದೇ ಕಮಾಂಡಿಗೆ 'ಮೈನಸ್ ಕೆ' ಸೇರಿಸಿದ್ರೆ ಪ್ರತಿ ಹಾರ್ಡ್‌ವೇರಿನ ಕೆಳಗೆ ಯಾವ ಡ್ರೈವರ್ ಕೆಲಸ ಮಾಡ್ತಿದೆ ಅಂತ ತೋರಿಸತ್ತೆ. ಬೇರೆ ಎಲ್ಲದಕ್ಕೂ ಇತ್ತು, ವೈ-ಫೈ ಕೆಳಗೆ ಆ ಸಾಲೇ ಇಲ್ಲ.

ಏನು ಬದಲಾಯ್ತು? ಅಪ್‌ಡೇಟಿನ ಲಾಗ್ ತೆಗೆದು ನೋಡಿದ್ರೆ, ಒಂಬತ್ತು ದಿನದ ಹಿಂದೆ ಹೊಸ ಕರ್ನಲ್ ತಾನಾಗೇ ಇನ್‌ಸ್ಟಾಲ್ ಆಗಿತ್ತು. ಆಗ ಎಲ್ಲಾ ಅರ್ಥ ಆಯ್ತು. ಕರ್ನಲ್ ಅಪ್‌ಡೇಟ್ ಡಿಸ್ಕಿಗೆ ಬಂದು ಕೂತಿರತ್ತೆ, ಜಾರಿಗೆ ಬರೋದು ರೀಸ್ಟಾರ್ಟ್ ಆದಾಗ. ನಾವು ಒಂಬತ್ತು ದಿನ ಬರೀ ಮುಚ್ಚಳ ಮುಚ್ಚಿ ತೆಗೀತಿದ್ವಿ, ಹಳೆ ಕರ್ನಲ್ಲೇ ರ‍್ಯಾಮಲ್ಲಿ ಓಡ್ತಿತ್ತು. ಆ ಕಾರ್ಡಿನ ಡ್ರೈವರ್ ಲಿನಕ್ಸ್ ಜೊತೆಗೆ ಬಂದಿದ್ದಲ್ಲ, ಹೋದ ತಿಂಗಳು ಒಬ್ಬ ಸೀನಿಯರ್ ಕೂತು ಕಂಪೈಲ್ ಮಾಡಿ ಹಾಕಿಕೊಟ್ಟಿದ್ರು. ಹಾಗೆ ಹಾಕಿದ ಡ್ರೈವರ್ ಆ ಒಂದು ಕರ್ನಲ್ಲಿನ ಫೋಲ್ಡರಲ್ಲಿ ಮಾತ್ರ ಇರತ್ತೆ. ಹೊಸ ಕರ್ನಲ್ಲಿಗೆ ಅವನ ಪರಿಚಯವೇ ಇಲ್ಲ. ಸೀನಿಯರ್ ಅದನ್ನ ಮಾಡುವಾಗ ನಾವು ಮೂವರೂ ಪಕ್ಕದಲ್ಲೇ ಇದ್ವಿ. ಟೀ ಕುಡೀತಿದ್ವಿ.

ಇನ್ನೂ ಒಂದು ವಿಷಯ ಆಗ ಹೊಳೀತು. ಫಾರ್ಮ್ಯಾಟ್ ಮಾಡಿದ್ದಿದ್ರೆ ಸೆಟಪ್ಪೂ ಹೋಗ್ತಿತ್ತು, ವೈ-ಫೈಯೂ ಬರ್ತಿರಲಿಲ್ಲ. ಹೊಸ ಲಿನಕ್ಸಲ್ಲೂ ಆ ಡ್ರೈವರ್ ಇರ್ತಿರಲಿಲ್ವಲ್ಲ!

ಪರಿಹಾರಕ್ಕೆ ಐದು ನಿಮಿಷ ಹಿಡೀತು. ಹೊಸ ಕರ್ನಲ್ ಬಂದ್ರೂ ಹಳೇದು ಸಾಮಾನ್ಯವಾಗಿ ಡಿಸ್ಕಲ್ಲೇ ಇರತ್ತೆ. ಆನ್ ಆಗುವಾಗ ಗ್ರಬ್ ಮೆನುವಿನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಳೆ ಕರ್ನಲ್ ಆರಿಸಿದ್ವಿ. ಐಕಾನ್ ಬಂತು. ಬೋರ್ಡಿಂದ ರೀಡಿಂಗೂ ಬಂತು. ಸರಿಹೋಗಿದ್ದೂ ರೀಸ್ಟಾರ್ಟಿಂದಾನೇ, ಆದ್ರೆ ಈ ಸಲ ಯಾಕೆ ಮಾಡ್ತಿದೀವಿ ಅಂತ ಗೊತ್ತಿತ್ತು.

ತೀರ್ಥಹಳ್ಳಿ ಹಾಸನದ ಮಂಚದ ಹತ್ರ ಹೋಗಿ, "ನಿಂದೇನೂ ತಪ್ಪಿಲ್ಲ ಮಾರಾಯ, ಒಂಬತ್ತು ದಿನದ ಹಿಂದೇನೇ ಕೆಟ್ಟಿತ್ತು" ಅಂದ. ಹಾಸನ ಗೋಡೆ ನೋಡ್ತಾನೇ, "ನಾಳೆ ಡೆಮೋ ಮಧ್ಯೆ ರೀಸ್ಟಾರ್ಟ್ ಆಗಿದ್ರೆ?" ಅಂದ. ಅದು ನಮಗೆ ಹೊಳೆದಿರಲಿಲ್ಲ. ಮೂವರೂ ಕ್ಯಾಂಟೀನ್ ಕಡೆ ಹೋದ್ವಿ, ಅದು ಮುಚ್ಚಿತ್ತು. ಬಿಸ್ಕೆಟ್ ತಿಂದು ಮಲಗಿದ್ವಿ.

ಡೆಮೋ ಆಯ್ತು. ಸಾರ್ ಎರಡೇ ನಿಮಿಷ ನೋಡಿದ್ರು. ಅದೇ ಸಂಜೆ ಡ್ರೈವರನ್ನ ಡಿಕೆಎಂಎಸ್ ಮೂಲಕ ನಾವೇ ಹಾಕಿದ್ವಿ. ಕರ್ನಲ್ ಬದಲಾದಾಗೆಲ್ಲ ಅದು ಡ್ರೈವರನ್ನ ತಾನೇ ಮತ್ತೆ ಕಂಪೈಲ್ ಮಾಡತ್ತೆ. ಹೊಸ ಕರ್ನಲ್ಲಲ್ಲಿ ವೈ-ಫೈ ಇಲ್ದಿದ್ರೂ ಫೋನನ್ನ ಯುಎಸ್‌ಬಿ ಕೇಬಲಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದ್ರೆ ನೆಟ್ ಸಿಗತ್ತೆ, ಡೌನ್‌ಲೋಡಿಗೆ ಅಷ್ಟು ಸಾಕು. ವಿಂಡೋಸ್ ಇರೋರಿಗೂ ಒಂದು ಮಾತು: ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಷಟ್‌ಡೌನ್ ಅಂದ್ರೆ ಪೂರ್ತಿ ಷಟ್‌ಡೌನ್ ಅಲ್ಲ, ಕರ್ನಲ್ ಸ್ಥಿತಿಯನ್ನ ಡಿಸ್ಕಿಗೆ ಬರೆದಿಟ್ಟು ಮುಂದಿನ ಸಲ ಅಲ್ಲಿಂದಾನೇ ಎತ್ಕೊಳ್ಳತ್ತೆ. ಪೂರ್ತಿ ಹೊಸದಾಗಿ ಶುರುವಾಗೋದು ರೀಸ್ಟಾರ್ಟ್ ಕೊಟ್ಟಾಗ.

ಈಗ ನಮ್ಮ ರೂಮಲ್ಲಿ ಒಂದು ರೂಲ್ ಇದೆ. ಏನಾದ್ರೂ ಕೆಟ್ಟರೆ, ಏನು ಕೆಟ್ಟಿದೆ ಅಂತ ಮೊದಲು ಕನ್ನಡದಲ್ಲಿ ಹೇಳಬೇಕು. ಹೇಳೋಕೆ ಬರದಿದ್ರೆ ನಮಗಿನ್ನೂ ಗೊತ್ತಾಗಿಲ್ಲ ಅಂತಾನೇ ಲೆಕ್ಕ. ಹೋದ ಭಾನುವಾರ ತೀರ್ಥಹಳ್ಳಿಯಿಂದ ಫೋನ್ ಬಂದಾಗ ಅಂಕಲ್ ಡೆಮೋ ಹೇಗಾಯ್ತು ಅಂತಾನೂ ಕೇಳಲಿಲ್ಲ, ಮಾರ್ಕ್ಸ್ ಎಷ್ಟು ಅಂತಾನೂ ಕೇಳಲಿಲ್ಲ.

"ಮಧ್ಯೆ ಮಾತಾಡೋನು ಬಂದ್ನಾ?" ಅಂದ್ರು.